ಮೇಜಿನ ಮೇಲಿನ ಸೂರ್ಯ

ಮಳೆಗಾಲದಲ್ಲಿ ಪಿರಿಯಾಪಟ್ಟಣ, ಹುಣಸೂರು ಕಡೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ತಂಬಾಕು ಬ್ಯಾರನ್‌ಗಳ ಹೊಗೆ ಪರಿಚಿತ. ವರ್ಜೀನಿಯಾ ತಂಬಾಕಿನ ಹಸಿ ಎಲೆಯನ್ನು ಹದ ಮಾಡಲು ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರದಂತೆ ಕಾಯಬೇಕು. ಒಣಗಿ ಹೊರಬರುವ ಎಲೆಯ ತೂಕದ ಹಲವು ಪಟ್ಟು ಸೌದೆ ಒಲೆಗೆ ಹೋಗುತ್ತದೆ. ಸೌದೆಯ ಬೆಲೆ ಏರಿದರೆ ರೈತನಿಗೆ ಹೊರೆ. ಅಗ್ಗವಾಗಿ ಸಿಕ್ಕಿದರೆ ಎಲ್ಲೋ ಮರಗಳು ಉರುಳಿವೆ ಎಂದರ್ಥ.

ಇದೇ ತಾಲೂಕಿನ ಅಂಚಿನಲ್ಲಿ ಕಾವೇರಿ ಹರಿಯುತ್ತಾಳೆ. ಕಾವೇರಿಯಿಂದ ಶಕ್ತಿ ಪಡೆಯುವುದು ನಮಗೆ ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತ್ತು. ಆದರೆ ಅದು ಬೀಳುವ ನೀರಿನ ಶಕ್ತಿ. ನಿಂತ ನೀರಿನಲ್ಲೂ ಒಂದು ಶಕ್ತಿಯಿದೆ. ಒಂದು ಲೀಟರ್ ನೀರಿನಲ್ಲಿರುವ ಭಾರ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ಪೂರ್ತಿಯಾಗಿ ಸಮ್ಮಿಲನಗೊಂಡರೆ ಸುಮಾರು 300 ಲೀಟರ್ ಪೆಟ್ರೋಲಿನಷ್ಟು ಶಕ್ತಿ ಸಿಗುತ್ತದೆ. ಈ ಲೆಕ್ಕ ಸುಳ್ಳಲ್ಲ. ಸುಳ್ಳಾದದ್ದು ಅದಕ್ಕೆ ಕೊಟ್ಟ ಗಡುವುಗಳು.

ಕೈಗಾದ ರಿಯಾಕ್ಟರುಗಳು ನಡೆಯುವುದು ಪರಮಾಣು ಬೀಜವನ್ನು ಒಡೆಯುವ ವಿದಳನದಿಂದ. ಸೂರ್ಯ ಮಾಡುವುದು ಅದರ ತಿರುಗುಮುರುಗು ಕೆಲಸ, ಕೂಡಿಸುವುದು. ಯುದ್ಧದ ವರ್ಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದಿದ್ದ ಹೋಮಿ ಭಾಭಾ, 1955ರ ಜಿನೀವಾ ಸಮ್ಮೇಳನದ ಅಧ್ಯಕ್ಷ ಪೀಠದಿಂದ, ಇನ್ನೆರಡು ದಶಕಗಳಲ್ಲಿ ಈ ಶಕ್ತಿಯನ್ನು ಹಿಡಿತಕ್ಕೆ ತರುವ ದಾರಿ ಸಿಗುತ್ತದೆಂದು ಭವಿಷ್ಯ ನುಡಿದರು. 1975 ಬಂದು ಹೋಯಿತು. ಕೂಡಿಸಲು ಬೇಕಾದ ಶಾಖ ಹತ್ತಾರು ಕೋಟಿ ಡಿಗ್ರಿ. ಅಂಥ ಅನಿಲವನ್ನು ಹಿಡಿದಿಡಲು ಯಾವ ಪಾತ್ರೆಯೂ ಇಲ್ಲ, ಕಾಂತಕ್ಷೇತ್ರದಲ್ಲಿ ತೂಗಾಡಿಸಬೇಕು. ಹೀಗಾಗಿ ಯಂತ್ರಗಳು ಬೆಳೆಯುತ್ತಲೇ ಹೋದವು. ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಐಟರ್ ಯಂತ್ರದ ಹೊರಕವಚ ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಅದರ ಗಡುವು ಈಗ 2034ಕ್ಕೆ ಸರಿದಿದೆ.

ಇಷ್ಟು ದೊಡ್ಡದೇಕೆ, ಮೇಜಿನ ಮೇಲೆ ಆಗದೇ? 1989ರ ಮಾರ್ಚ್ 23ರಂದು ಅಮೆರಿಕದ ಯೂಟಾದಲ್ಲಿ ಫ್ಲೈಷ್‌ಮನ್ ಮತ್ತು ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು 'ಆಗುತ್ತದೆ' ಎಂದರು. ಭಾರಜಲದ ಪಾತ್ರೆ, ಅದರಲ್ಲಿ ಪಲೇಡಿಯಂ ಲೋಹ, ಒಂದಿಷ್ಟು ವಿದ್ಯುತ್. ಅಷ್ಟೇ.

ಮುಂದಿನ ಕತೆ ನಮ್ಮ ದೇಶದ್ದು, ಆದರೂ ಕನ್ನಡದಲ್ಲಿ ಹೆಚ್ಚು ಹೇಳಿದವರಿಲ್ಲ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು ಪಿ.ಕೆ. ಅಯ್ಯಂಗಾರ್, 1974ರ ಪೋಖ್ರಾನ್ ಪರೀಕ್ಷೆಯ ಪ್ರಮುಖರಲ್ಲಿ ಒಬ್ಬರು. ಅವರು ನಗಲಿಲ್ಲ, ಪರೀಕ್ಷಿಸಲು ಹೇಳಿದರು. ಅಲ್ಲಿ ಭಾರಜಲಕ್ಕೆ ಕೊರತೆ ಇರಲಿಲ್ಲ. ನ್ಯೂಟ್ರಾನ್ ಮತ್ತು ಟ್ರೀಷಿಯಂ ಅಳೆಯುವುದರಲ್ಲಿ ಪಳಗಿದವರೂ ಇದ್ದರು. ಹತ್ತಾರು ವಿಜ್ಞಾನಿಗಳು ಬೇರೆ ಬೇರೆ ತಂಡಗಳಾಗಿ ತೊಡಗಿದರು. ಏಪ್ರಿಲ್ ಮುಗಿಯುವ ಮೊದಲೇ ನ್ಯೂಟ್ರಾನ್‌ಗಳು ಕಂಡವೆಂಬ ವರದಿ ಬಂತು. ಆ ವರ್ಷದ ಕೊನೆಗೆ ಅಯ್ಯಂಗಾರ್ ಮತ್ತು ಎಂ. ಶ್ರೀನಿವಾಸನ್ ಸಂಪಾದಿಸಿದ 'ಬಾರ್ಕ್-1500' ಎಂಬ ವರದಿ ಎಲ್ಲವನ್ನೂ ಜಗತ್ತಿನ ಮುಂದಿಟ್ಟಿತು.

ವಿಚಿತ್ರವಿದ್ದದ್ದು ಅದರ ಅಂಕಿಗಳಲ್ಲಿ. ತಿಳಿದಿರುವ ಭೌತಶಾಸ್ತ್ರದ ಪ್ರಕಾರ ಡ್ಯೂಟೀರಿಯಂ ಕೂಡಿದಾಗ ನ್ಯೂಟ್ರಾನ್ ಮತ್ತು ಟ್ರೀಷಿಯಂ ಹೆಚ್ಚುಕಡಿಮೆ ಸಮನಾಗಿ ಹುಟ್ಟಬೇಕು. ಇಲ್ಲಿ ಟ್ರೀಷಿಯಂ ಕೋಟಿಗಟ್ಟಲೆ ಪಟ್ಟು ಹೆಚ್ಚು. ಯೂಟಾದ ಪಾತ್ರೆಯ ಶಾಖವೂ ಅಷ್ಟೇ: ಅದು ನಿಜವಾಗಿ ಸಮ್ಮಿಲನದಿಂದ ಬಂದಿದ್ದರೆ ನ್ಯೂಟ್ರಾನ್‌ಗಳ ಹೊಡೆತಕ್ಕೆ ಪಕ್ಕದಲ್ಲಿ ನಿಂತವರು ಬದುಕುತ್ತಿರಲಿಲ್ಲ! ಬೇರೆಡೆಯ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಒಮ್ಮೆ ಬಂದರೆ ಹತ್ತು ಸಲ ಬರಲಿಲ್ಲ. ಮುಂಬೈನ ಕೆಲಸವೂ ಕೆಲವೇ ವರ್ಷಗಳಲ್ಲಿ ನಿಂತಿತು. ಅಯ್ಯಂಗಾರ್ ಮಾತ್ರ 2011ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮುಂದುವರಿಸಬೇಕಿತ್ತು ಎಂಬ ನಿಲುವಿನಲ್ಲೇ ಇದ್ದರು. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ 2015ರಲ್ಲಿ ಈ ವಿಷಯಕ್ಕೆ ವಿಶೇಷ ವಿಭಾಗವನ್ನೇ ಮೀಸಲಿಟ್ಟಿತು.

ಅಯ್ಯಂಗಾರ್ ಅವರದ್ದು ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಪರೀಕ್ಷಿಸಿದ್ದು ತಪ್ಪಲ್ಲ. ಸಂಶೋಧನೆಗೆ ಕೆಟ್ಟ ಹೆಸರು ತಂದದ್ದು ಪತ್ರಿಕಾಗೋಷ್ಠಿಯ ಆತುರ. ಗೂಗಲ್ ಹಣ ಕೊಟ್ಟ ತಂಡವೊಂದು ವರ್ಷಗಟ್ಟಲೆ ಹುಡುಕಿ, ಶೀತ ಸಮ್ಮಿಲನಕ್ಕೆ ಪುರಾವೆ ಸಿಗಲಿಲ್ಲವೆಂದು 2019ರಲ್ಲಿ ತಿಳಿಸಿತು. ಆ ತಂಡದಲ್ಲಿದ್ದ ಕೆನಡಾದ ಬೆರ್ಲಿಂಗೆಟ್ ಮತ್ತು ಸಂಗಡಿಗರು ಕೈಬಿಡಲಿಲ್ಲ. ಪಲೇಡಿಯಂಗೆ ಡ್ಯೂಟೀರಿಯಂ ಕಣಗಳನ್ನು ವೇಗವಾಗಿ ಹೊಡೆಯುತ್ತಾ, ಜೊತೆಗೆ ವಿದ್ಯುತ್ ರಸಾಯನದಿಂದ ಅದೇ ಲೋಹಕ್ಕೆ ಇನ್ನಷ್ಟು ಡ್ಯೂಟೀರಿಯಂ ತುಂಬಿದರೆ ಸಮ್ಮಿಲನದ ದರ ಸುಮಾರು ಶೇ. 15ರಷ್ಟು ಏರುತ್ತದೆಂದು 2025ರಲ್ಲಿ ಪ್ರಕಟಿಸಿದರು. ಯಂತ್ರ ನಿಜಕ್ಕೂ ಮೇಜಿನ ಗಾತ್ರದ್ದೇ. ಆದರೆ ನುಂಗುವ ವಿದ್ಯುತ್ತಿನ ಮುಂದೆ ಅದು ಕೊಡುವ ಶಕ್ತಿ ಲೆಕ್ಕಕ್ಕೇ ಇಲ್ಲ. ಹಾಗೆಂದು ಅವರೇ ಒಪ್ಪಿಕೊಂಡಿದ್ದಾರೆ.

ಕೇಳಬೇಕಾದ ಪ್ರಶ್ನೆಯೂ ಇದೇ: ಗೋಡೆಯ ಪ್ಲಗ್ಗಿನಿಂದ ಎಳೆದದ್ದೆಷ್ಟು, ಮರಳಿ ಬಂದದ್ದೆಷ್ಟು? 2022ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲೇಸರ್ ಪ್ರಯೋಗ 2.05 ಮೆಗಾಜೂಲ್ ಬೆಳಕಿಗೆ 3.15 ಮೆಗಾಜೂಲ್ ಶಕ್ತಿ ಕೊಟ್ಟಾಗ ಜಗತ್ತು ಸಂಭ್ರಮಿಸಿತು. ಲೇಸರ್ ಉರಿಸಲು ಸುಮಾರು 300 ಮೆಗಾಜೂಲ್ ವಿದ್ಯುತ್ ಖರ್ಚಾಗಿತ್ತು. ಈಗ ಖಾಸಗಿ ಸಂಸ್ಥೆಗಳು ಬಲಿಷ್ಠ ಅತಿವಾಹಕ ಕಾಂತಗಳನ್ನು ನಂಬಿ ಚಿಕ್ಕ ಯಂತ್ರಗಳಿಗೆ ಕೈಹಾಕಿವೆ. ಬೆಂಗಳೂರಿನಲ್ಲೂ ಪ್ರಾಣೋಸ್ ಎಂಬ ಕಿರಿಯ ಸಂಸ್ಥೆಯಿದೆ. ಬೇರೆಯದೇ ದಾರಿ ಹಿಡಿದ ಅಮೆರಿಕದ ಹೀಲಿಯಾನ್, 2028ಕ್ಕೆ ವಿದ್ಯುತ್ ಕೊಡುವುದಾಗಿ 2023ರಲ್ಲಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿದೆ.

ಇಸವಿ ಹಾಕಿ ಕೊಟ್ಟ ಮಾತು, ಹಾಗಾಗಿ ಪರೀಕ್ಷಿಸುವುದು ಸುಲಭ. ಪಿರಿಯಾಪಟ್ಟಣದ ಬ್ಯಾರನ್‌ಗೆ ಮುಂದಿನ ಮಳೆಗಾಲಕ್ಕೆ ಬೇಕಾದ ಸೌದೆಯನ್ನಂತೂ ಈಗಲೇ ಒಟ್ಟಬೇಕು.