ನಿದ್ರಾಕ್ಷಯ ಮತ್ತು ದೇಹರಕ್ಷಣೆ: ಒಂದು ಐತಿಹಾಸಿಕ ಸಮೀಕ್ಷೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಚರಕಸಂಹಿತೆಯ ಸೂತ್ರಸ್ಥಾನವು ಶರೀರದ ಉಪಸ್ತಂಭಗಳೆಂದು ಕರೆದಿದೆ. ಪುಷ್ಟಿ ಕಾರ್ಶ್ಯಗಳೂ ಬಲಾಬಲಗಳೂ ನಿದ್ರೆಯನ್ನೇ ಅವಲಂಬಿಸಿವೆಯೆಂಬುದು ಅದರ ಅಭಿಪ್ರಾಯ. ಆದರೆ ನಿದ್ರೆಗೂ ರೋಗನಿರೋಧಕ ಶಕ್ತಿಗೂ ಇರುವ ಸಂಬಂಧವು ಪ್ರಯೋಗಗಳಿಂದ ಸ್ಪಷ್ಟವಾದುದು ಈಚಿನ ಕಾಲದಲ್ಲಿ. ಆ ಶೋಧದ ಮುಖ್ಯ ಘಟ್ಟಗಳನ್ನು ಗುರುತಿಸಿ, ವಿಜಯಪುರ ಪ್ರದೇಶದ ಜನಜೀವನಕ್ಕೆ ಅವು ಹೇಗೆ ಅನ್ವಯಿಸುತ್ತವೆಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ನಿದ್ರೆಗೆಡಿಸಿದ ನಾಯಿಮರಿಗಳು ನಾಲ್ಕೈದು ದಿನಗಳಲ್ಲಿ ಸಾಯುವುದನ್ನು ರಷ್ಯದ ಮೇರಿ ಡಿ ಮನಸೀನ್ 1894ರಲ್ಲಿ ಪ್ರಕಟಿಸಿದರು. ಮುಂದೆ ಜಪಾನಿನ ಇಷಿಮೊರಿ ಮತ್ತು ಫ್ರಾನ್ಸಿನ ಪಿಯೆರಾನ್ ಅವರು, ಎಚ್ಚರವಿದ್ದ ಪ್ರಾಣಿಯ ದೇಹದಲ್ಲಿ ನಿದ್ರಾಜನಕ ದ್ರವ್ಯವೊಂದು ಸಂಚಯವಾಗುವುದೆಂದು ಬೇರೆ ಬೇರೆಯಾಗಿ ಕಂಡುಕೊಂಡರು. ಈ ದ್ರವ್ಯದ ಬೆನ್ನು ಹತ್ತಿದವರಲ್ಲಿ ಅಮೆರಿಕದ ಪಾಪೆನ್‌ಹೈಮರ್ ಪ್ರಮುಖರು. 1982ರಲ್ಲಿ ಅವರೂ ಕ್ರೂಗರ್ ಮೊದಲಾದವರೂ ಮಾನವ ಮೂತ್ರದಿಂದ ಬೇರ್ಪಡಿಸಿದ ವಸ್ತುವು ಮುರಾಮಿಲ್ ಪೆಪ್ಟೈಡ್ ಎಂದು ತಿಳಿದುಬಂತು. ಅದು ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ಅಂಶ! ನಿದ್ರೆಯನ್ನು ಅರಸಿ ಹೊರಟವರು ಸೋಂಕಿನ ಬಾಗಿಲಿಗೆ ಬಂದು ನಿಂತಿದ್ದರು. 1993ರಲ್ಲಿ ಎವರ್ಸನ್ ಅವರು, ದೀರ್ಘಕಾಲ ನಿದ್ರೆಗೆಟ್ಟ ಇಲಿಗಳ ರಕ್ತದೊಳಕ್ಕೆ ಬ್ಯಾಕ್ಟೀರಿಯಾಗಳು ನುಗ್ಗಿದ್ದುದನ್ನು ತೋರಿಸಿದರು.

ಮನುಷ್ಯರ ಮೇಲಿನ ಪ್ರಯೋಗಗಳು ವಿಷಯವನ್ನು ಇನ್ನಷ್ಟು ವಿಶದಪಡಿಸಿದವು. 1996ರಲ್ಲಿ ಇರ್ವಿನ್ ಮತ್ತು ಸಹೋದ್ಯೋಗಿಗಳು 42 ಜನ ಆರೋಗ್ಯವಂತ ಪುರುಷರ ಒಂದು ರಾತ್ರಿಯ ನಿದ್ರೆಯನ್ನು ಅರ್ಧಕ್ಕೆ ಮೊಟಕುಗೊಳಿಸಿದಾಗ, ಸೋಂಕಿತ ಕೋಶಗಳನ್ನು ಕೊಲ್ಲುವ ಸಹಜ ಮಾರಕ ಕೋಶಗಳ ಸಾಮರ್ಥ್ಯ ತಗ್ಗಿತು. ಮರುರಾತ್ರಿಯ ನಿದ್ರೆಯಿಂದ ಅದು ಮರಳಿತಾದರೂ ಇಂಟರ್‌ಲ್ಯೂಕಿನ್-2ರ ಉತ್ಪತ್ತಿಯು ಕುಗ್ಗಿಯೇ ಇತ್ತು. 2002ರ ಒಂದು ಪ್ರಯೋಗದಲ್ಲಿ, ರಾತ್ರಿಗೆ ನಾಲ್ಕೇ ಗಂಟೆ ಮಲಗಿದವರಿಗೆ ಫ್ಲೂ ಲಸಿಕೆ ಕೊಟ್ಟ ಹತ್ತು ದಿನಗಳ ಬಳಿಕ ಅವರಲ್ಲಿದ್ದ ಪ್ರತಿಕಾಯಗಳು ಇತರರಲ್ಲಿದ್ದುದರ ಅರ್ಧಕ್ಕಿಂತಲೂ ಕಡಿಮೆ. ಕೆಲವು ವಾರಗಳಲ್ಲಿ ಈ ಅಂತರವು ಅಳಿದುದನ್ನೂ ಮರೆಯಲಾಗದು. 2015ರಲ್ಲಿ 164 ಜನರ ಮೂಗಿಗೆ ನೆಗಡಿಯ ವೈರಸ್ ಹಾಕಿ ನೋಡಿದಾಗ, ಆರು ಗಂಟೆಗಿಂತ ಕಡಿಮೆ ನಿದ್ರಿಸುವವರಿಗೆ ನೆಗಡಿಯಾಗುವ ಸಂಭವ ಏಳು ಗಂಟೆಗೆ ಮಿಕ್ಕಿ ನಿದ್ರಿಸುವವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು.

ಇದರ ಕಾರಣವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ರಾತ್ರಿಯ ಗಾಢನಿದ್ರೆಯಲ್ಲಿ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ತಗ್ಗಿ, ರಕ್ಷಕ ಕೋಶಗಳು ದುಗ್ಧಗ್ರಂಥಿಗಳಿಗೆ ತೆರಳಿ ರೋಗಾಣುವಿನ ಗುರುತನ್ನು ನೆನಪಿನಲ್ಲಿರಿಸಿಕೊಳ್ಳುತ್ತವೆ. ನಿದ್ರೆ ಕೆಟ್ಟರೆ ಅನುವೇದಕ ನರಮಂಡಲವು ಉದ್ದೀಪ್ತವಾಗಿ, ಇಂಟರ್‌ಲ್ಯೂಕಿನ್-6ರಂತಹ ಉರಿಯೂತಕಾರಕಗಳನ್ನು ಹೆಚ್ಚಿಸುತ್ತದೆ. ಆದುದರಿಂದ ನಿದ್ರೆಗೆಟ್ಟವನಲ್ಲಿ ಎರಡು ಕೇಡುಗಳು ಒಟ್ಟಿಗೆ ತೋರುತ್ತವೆ: ಶತ್ರುವಿನೆದುರು ದೌರ್ಬಲ್ಯ, ಶತ್ರುವಿಲ್ಲದೆಡೆಯಲ್ಲಿ ಉರಿ.

ಈಗ ನಮ್ಮ ಪ್ರದೇಶದತ್ತ ನೋಡೋಣ. ಶಿವರಾತ್ರಿಯ ಜಾಗರಣೆ, ಬೆಳತನಕ ನಡೆಯುವ ಭಜನೆ ಮತ್ತು ದೊಡ್ಡಾಟ ಇಲ್ಲಿನ ಜನರಿಗೆ ಹೊಸತಲ್ಲ. ಆದರೆ ಜಾಗರಣೆಗೆ ಒಂದು ಅವಧಿಯುಂಟು; ಮರುದಿನ ವಿಶ್ರಾಂತಿಯುಂಟು. ಟಿಕೋಟಾ ಸುತ್ತಿನ ದ್ರಾಕ್ಷಿಯ ತೋಟಗಳಲ್ಲಿಯೂ ಬಬಲೇಶ್ವರದ ಹೊಲಗಳಲ್ಲಿಯೂ ಇರುಳುಗೆಡುವುದು ಬೇರೆ ಬಗೆಯದು. ಎತ್ತು ಹೂಡಿ ಬಾವಿಯ ನೀರೆತ್ತುತ್ತಿದ್ದ ಕಾಲದಲ್ಲಿ ದುಡಿಮೆಗೆ ಎತ್ತಿನ ದಣಿವೇ ಎಲ್ಲೆಯಾಗಿತ್ತು. ಎತ್ತಿಗೆ ದೊರೆತ ವಿಶ್ರಾಂತಿ ಒಕ್ಕಲಿಗನಿಗೂ ದೊರೆಯುತ್ತಿತ್ತು. ಪಂಪಿಗೆ ದಣಿವಿಲ್ಲ. ಮೂರು ಫೇಸಿನ ವಿದ್ಯುತ್ತಿನ ಸರದಿ ರಾತ್ರಿಗೆ ಬಿದ್ದಾಗ ರೈತನು ಅಂದು ನಿದ್ರೆ ಬಿಟ್ಟೇ ಹೊಲಕ್ಕೆ ಹೋಗಬೇಕು. ಹಗಲಿನ ಕೆಲಸವೂ ತಪ್ಪದಿರುವುದರಿಂದ ಆ ಸಾಲ ತೀರುವುದಿಲ್ಲ. ಹೊಲದಲ್ಲಿ ಹಾವಿನ ಭಯ ಎಲ್ಲರಿಗೂ ಕಾಣುತ್ತದೆ. ನಿದ್ರಾಕ್ಷಯದ ಹಾನಿ ಮಾತ್ರ ಕಣ್ಣಿಗೆ ಬೀಳದು.

ನಿದ್ರೆಗೇಡು ಯಾವಾಗಲೂ ವ್ಯಕ್ತಿಯ ಅಲಕ್ಷ್ಯದ ಫಲವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಅದು ದುಡಿಮೆಯ ವ್ಯವಸ್ಥೆಯಿಂದಲೂ ಹುಟ್ಟುತ್ತದೆ. ವ್ಯವಸ್ಥೆಯಿಂದಲೇ ಪರಿಹಾರವೂ ಸಾಧ್ಯ. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯು ನೀರಾವರಿಗೆ ಸೌರಶಕ್ತಿಯನ್ನು ಒದಗಿಸಿ, ಹಗಲಿನಲ್ಲಿಯೇ ಪಂಪು ನಡೆಸಲು ಅವಕಾಶ ಕಲ್ಪಿಸುತ್ತದೆ. ಇದನ್ನು ಸಾಮಾನ್ಯವಾಗಿ ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಅಳೆಯುತ್ತಾರೆ. ಮೇಲೆ ಹೇಳಿದ ಶೋಧಗಳನ್ನು ಮನಗಂಡವರು ಅದನ್ನು ಆರೋಗ್ಯದ ಲೆಕ್ಕಕ್ಕೂ ಸೇರಿಸಬೇಕು. ಚರಕನು ಹೇಳಿದ ಉಪಸ್ತಂಭವು ರೈತನ ಮನೆಯಲ್ಲಿಯೂ ನಿಲ್ಲಬೇಕಾದರೆ, ಹೊಲಕ್ಕೆ ನೀರು ಹಗಲಿನಲ್ಲಿ ಹರಿಯಬೇಕು.