ಫೋಗುವಾಂಗ್ ದೇವಾಲಯ: ಪೂರ್ವ ಮಂದಿರ
ವೂತಾಯ್ ಪರ್ವತ, ಶಾನ್ಶಿ ಪ್ರಾಂತ, ಚೀನಾ

ಬೋಧಿಸತ್ತ್ವ ಮಂಜುಶ್ರೀಯ ನಿವಾಸವೆಂದು ಬೌದ್ಧಲೋಕವು ಪೂಜಿಸುತ್ತ ಬಂದಿರುವ ಈ ಪರ್ವತಪ್ರದೇಶದಲ್ಲಿ, ಪ್ರಖ್ಯಾತ ವಿಹಾರಗಳ ಜನಸಂದಣಿಯಿಂದ ದೂರವಾಗಿ, ಎತ್ತರದ ಜಗತಿಯ ಮೇಲೆ ಪಶ್ಚಿಮಾಭಿಮುಖವಾಗಿ ನಿಂತಿರುವ ಈ ದಾರುಮಂದಿರವು ಕ್ರಿ.ಶ. 857ರಲ್ಲಿ, ತಾಂಗ್ ವಂಶದ ಆಳ್ವಿಕೆಯಲ್ಲಿ, ನಿರ್ಮಿತವಾದುದು. 845ರಲ್ಲಿ ಚಕ್ರವರ್ತಿ ವೂಜೋಂಗನ ಆಜ್ಞೆಯಿಂದ ದೇಶದಾದ್ಯಂತ ಬೌದ್ಧಾಲಯಗಳು ಧ್ವಂಸವಾದಾಗ ಇಲ್ಲಿನ ಹಳೆಯ ಕಟ್ಟಡಗಳೂ ನಾಶವಾಗಿದ್ದುವು.

ತಾಂಗ್ ಕಾಲದ ಮರದ ಕಟ್ಟಡವನ್ನು ಕಾಣಬೇಕಾದರೆ ಜಪಾನಿಗೇ ಹೋಗಬೇಕೆಂದು ವಿದ್ವಾಂಸರು ಹೇಳುತ್ತಿದ್ದ ಕಾಲದಲ್ಲಿ, 1937ರ ಬೇಸಗೆಯಲ್ಲಿ, ವಾಸ್ತುಶಾಸ್ತ್ರಜ್ಞ ದಂಪತಿಗಳಾದ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ಇಲ್ಲಿಗೆ ಬಂದು, ಬಾವಲಿಗಳು ತುಂಬಿದ್ದ ಅಟ್ಟದ ಧೂಳಿನಲ್ಲಿ ಅಳತೆ ತೆಗೆಯುತ್ತಿರಲು, ತೊಲೆಯ ಅಡಿಯಲ್ಲಿ ಮಸುಕಾಗಿದ್ದ ಮಸಿಯ ಬರಹವು ಲಿನ್ ಅವರ ಕಣ್ಣಿಗೆ ಬಿದ್ದಿತು. ಅದರಲ್ಲಿದ್ದ ದಾನಿಯ ಹೆಸರು, ನಿಂಗ್ ಗೋಂಗ್‌ಯೂ ಎಂಬ ಸ್ತ್ರೀಯದು, ಎದುರಿಗಿರುವ ಶಿಲಾಸ್ತಂಭದ ಮೇಲೆಯೂ ಕಾಲಸಹಿತವಾಗಿ ಕೆತ್ತಲ್ಪಟ್ಟಿದ್ದುದರಿಂದ ಮಂದಿರದ ವಯಸ್ಸು ನಿಶ್ಚಿತವಾಯಿತು.

ಸುಮಾರು 4 ಮೀಟರಿನಷ್ಟು ಹೊರಚಾಚಿದ ಸೂರನ್ನು ಹೊತ್ತಿರುವ ಬೋದಿಗೆಗಳ ಗಾತ್ರವನ್ನು ಸಂದರ್ಶಕರು ಒಳಹೋಗುವ ಮುನ್ನವೇ ಸಾವಧಾನವಾಗಿ ನೋಡತಕ್ಕದ್ದು. ಮುಂದಿನ ಶತಮಾನಗಳ ಚೀನೀ ಕಟ್ಟಡಗಳಲ್ಲಿ ಅವು ಕ್ರಮೇಣ ಕುಗ್ಗಿ ಬಹುಮಟ್ಟಿಗೆ ಅಲಂಕಾರವಾಗಿಬಿಟ್ಟುವು. ಒಳಗಣ ಪೀಠದ ಮಹಾಮೂರ್ತಿಗಳ ಪಕ್ಕದಲ್ಲಿ, ಮೂಲೆಯೊಂದರಲ್ಲಿ, ಆ ದಾನಿಯದೇ ಎಂದು ಭಾವಿಸಲಾಗಿರುವ ಪುಟ್ಟ ಪ್ರತಿಮೆಯೊಂದಿದೆ. ಕೆಳಗಿನ ಅಂಗಳದ ಮಂಜುಶ್ರೀ ಮಂದಿರವು 1137ರದು.