ಕಲ್ಪೇನಿಯ ತುಫಾನೂ ಕಂಪೆನಿಯ ಸಾಲವೂ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಅಕ್ಕಿಯನ್ನು ಹೇರಿಕೊಂಡು ಪಡುವಣ ದ್ವೀಪಗಳಿಗೆ ಹೊರಡುವ ಮಂಜಿಗಳನ್ನು ಊರಿನವರು ತಲೆಮಾರುಗಳಿಂದ ಕಂಡವರೇ. ಆದರೆ ಆ ದ್ವೀಪಗಳಲ್ಲಿ ಕೆಲವು ಒಂದೂವರೆ ಶತಮಾನಕ್ಕೂ ಮಿಕ್ಕಿ ಇದೇ ಜಿಲ್ಲೆಯ ಭಾಗಗಳಾಗಿದ್ದುವೆಂಬುದನ್ನು ಈಗ ನೆನೆಯುವವರು ವಿರಳ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬಿವು ಅಮಿನಿದೀವಿಗಳೆಂಬ ಹೆಸರಿನಿಂದ 1799ರಿಂದ 1956ರ ವರೆಗೆ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದುವು. ಅವುಗಳ ನೆರೆಯ ಕಲ್ಪೇನಿ, ಆಂಡ್ರೋತ್, ಕವರತ್ತಿ, ಅಗತ್ತಿಗಳಾದರೋ ಕಣ್ಣಾನೂರಿನ ಅರಕ್ಕಲ್ ಮನೆತನದ ಸೊತ್ತು. ಒಂದೇ ಕಡಲು, ಒಂದೇ ಬಗೆಯ ಜನ, ಒಂದೇ ತೆಂಗು; ಒಡೆಯರು ಮಾತ್ರ ಇಬ್ಬರು.

ಈ ಪಾಲು ಆದ ಬಗೆಯೂ ತಿಳಿಯತಕ್ಕದ್ದೇ. ಅರಕ್ಕಲ್‌ನ ಕಾರ್ಯಸ್ಥರು ತೆಂಗಿನ ನಾರಿನ ಹುರಿಯನ್ನು ತಮಗೇ ಮಾರಬೇಕೆಂದು ನಿರ್ಬಂಧಿಸಿ, ಬೆಲೆಯನ್ನೂ ತಾವೇ ಕಟ್ಟಿ ಜನರನ್ನು ಹಿಂಡುತ್ತಿದ್ದರು. ಇದನ್ನು ತಾಳಲಾರದೆ ಅಮಿನಿಯವರು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅವರು ಮಂಗಳೂರಿಗೆ ಬಂದು ಸುಲ್ತಾನನನ್ನು ಕಂಡರೆಂದು ದ್ವೀಪದವರ ಹೇಳಿಕೆ. ಇಸವಿಯನ್ನು ಕೆಲವು ಬರಹಗಳು 1783 ಎಂದೂ ಕೆಲವು 1787 ಎಂದೂ ಕೊಡುತ್ತವೆ. ಅಂತೂ ಶ್ರೀರಂಗಪಟ್ಟಣವು ಬಿದ್ದಾಗ ಅಮಿನಿದೀವಿಗಳು ಮೈಸೂರಿನ ಸೊತ್ತಾಗಿದ್ದುದರಿಂದ ಕೆನರಾ ಜಿಲ್ಲೆಯೊಡನೆ ಕಂಪೆನಿಯ ಕೈಸೇರಿದುವು. ಅವನ್ನು ಕಳೆದುಕೊಂಡುದಕ್ಕೆ ಪ್ರತಿಯಾಗಿ ಅರಕ್ಕಲ್‌ನವರು ಕಂಪೆನಿಗೆ ತೆರಬೇಕಾದ ಕಪ್ಪದಲ್ಲಿ ವರ್ಷಕ್ಕೆ 5,250 ರೂಪಾಯಿಗಳನ್ನು ಮಾಫಿ ಮಾಡಲಾಯಿತು. ಹುರಿಯ ಏಕಸ್ವಾಮ್ಯವನ್ನು ಮಾತ್ರ ಕಂಪೆನಿಯೂ ಬಿಡಲಿಲ್ಲ. ಹುರಿ ಮಂಗಳೂರಿಗೆ ಬರುವುದು, ಅದರ ಬದಲು ಗೊತ್ತಾದ ದರದಲ್ಲಿ ಅಕ್ಕಿ ದ್ವೀಪಕ್ಕೆ ಹೋಗುವುದು, ಇದು ನಡೆದುಬಂದ ಪದ್ಧತಿಯಾಯಿತು. ಯಾರನ್ನು ಬಿಟ್ಟು ಓಡಿದರೋ ಅವರ ಕಟ್ಟಳೆಯೇ ಹೊಸ ಒಡೆಯನ ಕೈಯಲ್ಲಿಯೂ ಅವರಿಗಾಗಿ ಕಾದಿತ್ತು.

ಈ ದ್ವೀಪಗಳ ಬಾಳುವೆ ಎಷ್ಟು ಸಪುರವಾದ ನೂಲಿನ ಮೇಲೆ ನಿಂತಿದೆಯೆಂಬುದನ್ನು ಅರಿಯದೆ ಮುಂದಿನ ಕಥೆಯು ತಿಳಿಯದು. ಹವಳದ ದಿಬ್ಬಗಳ ಮೇಲೆ ಕೂಡಿದ ಮರಳೇ ಅಲ್ಲಿಯ ನೆಲ. ಹಲವು ಕಡೆ ಸಮುದ್ರಕ್ಕಿಂತ ಒಂದೆರಡು ಮೀಟರು ಮಾತ್ರ ಎತ್ತರ. ಬೆಟ್ಟವಿಲ್ಲ, ಹೊಳೆಯಿಲ್ಲ. ಮಳೆಯ ನೀರು ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುವುದುಂಟು. ಬಾವಿಗಳಲ್ಲಿ ದೊರೆಯುವುದು ಆ ಸಿಹಿನೀರೇ. ಅನ್ನಕ್ಕೆ ಅಕ್ಕಿಯು ಕರಾವಳಿಯಿಂದಲೇ ಬರಬೇಕು. ಗಂಡಸರು ಓಡಗಳಲ್ಲಿ ಸರಕನ್ನು ಒಯ್ಯುವರು. ಹೆಂಗಸರು ನಾರನ್ನು ನೆನೆಹಾಕಿ, ಬಡಿದು, ಹೊಸೆದು ಹುರಿ ಮಾಡುವರು. ತೆಂಗಿದ್ದರೆ ಹುರಿ, ಹುರಿಯಿದ್ದರೆ ಅಕ್ಕಿ. ಅಷ್ಟಲ್ಲದೆ ಮಳೆಗಾಲ ಹಿಡಿಯಿತೆಂದರೆ ಹಾಯಿಯ ಕಾಲದಲ್ಲಿ ಕಡಲ ದಾರಿಯೇ ಮುಚ್ಚುತ್ತಿತ್ತು. ಮೇ ತಿಂಗಳು ಮುಗಿಯುವುದರೊಳಗೆ ಓಡಗಳನ್ನು ದಡಕ್ಕೆ ಎಳೆದುಹಾಕಿ, ಮುಂದೆ ಮೂರು ನಾಲ್ಕು ತಿಂಗಳು ಮನೆಯಲ್ಲಿ ಕೂಡಿಟ್ಟುದನ್ನೇ ಉಂಡು ಬದುಕಬೇಕು.

ಇಂತಹ ನೆಲದ ಮೇಲೆ 1847ನೆಯ ಏಪ್ರಿಲ್ 15ರ ಗುರುವಾರ ರಾತ್ರಿ ತುಫಾನು ಎರಗಿತು. ಸುಮಾರು ಎಂಟು ಗಂಟೆಯ ಹೊತ್ತಿಗೆ ಕಲ್ಪೇನಿಯಲ್ಲಿ ಅದರ ಆರ್ಭಟವು ತೊಡಗಿತು. ಆ ಮೇಲೆ ಆಂಡ್ರೋತನ್ನು ಕೆಡವಿ, ಬಡಗಣಕ್ಕೆ ಸರಿದು, ಕೆನರಾ ಜಿಲ್ಲೆಗೆ ಸೇರಿದ ಕಿಲ್ತಾನನ್ನೂ ತಟ್ಟಿತು. ಇಂತಹ ಗಾಳಿಗೆ ಇಂಗ್ಲಿಷಿನಲ್ಲಿ ಈಗ ಸಲ್ಲುವ ಸೈಕ್ಲೋನ್ ಎಂಬ ಹೆಸರು ಕೂಡ ಅಂದು ಬಳಕೆಗೆ ಬಂದಿರಲಿಲ್ಲ. ಕಲಕತ್ತೆಯ ಹೆನ್ರಿ ಪಿಡಿಂಗ್ಟನ್ ಅದನ್ನು ತನ್ನ ನಾವಿಕರ ಕೈಪಿಡಿಯಲ್ಲಿ ಹೂಡಿದ್ದು ಮರುವರ್ಷ, 1848ರಲ್ಲಿ. ಮುನ್ಸೂಚನೆಯ ಮಾತಂತೂ ದೂರವೇ ಉಳಿಯಿತು. ಹಿಂದೂಸ್ಥಾನದ ಹವಾಮಾನ ಇಲಾಖೆಯು ಸ್ಥಾಪನೆಯಾದದ್ದು 1875ರಲ್ಲಿ. ಅದೇ ತುಫಾನಿನಲ್ಲಿ ಕಂಪೆನಿಯ ಕ್ಲಿಯೋಪಾತ್ರ ಎಂಬ ಉಗಿಹಡಗೂ ಮಲಬಾರಿನ ಕರಾವಳಿಯಾಚೆ ಮುಳುಗಿತು. ಮುಂಬಯಿಯಿಂದ ಸಿಂಗಾಪುರದ ಕಡೆಗೆ ಗಡೀಪಾರಿಗೆಂದು ಸಾಗಿಸುತ್ತಿದ್ದ ಸುಮಾರು ನೂರು ಮಂದಿ ಕೈದಿಗಳೂ ಹಡಗಿನ ಸಿಬ್ಬಂದಿಯೂ ಅದರೊಡನೆ ಜಲಸಮಾಧಿಯಾದರು. ಕಬ್ಬಿಣದ ಯಂತ್ರವುಳ್ಳ ಹಡಗಿಗೇ ಹೀಗಾದ ಮೇಲೆ ಸೋಗೆ ಹೊದಿಸಿದ ಮನೆಗಳ ಪಾಡನ್ನು ಬಣ್ಣಿಸುವ ಅಗತ್ಯವಿಲ್ಲ.

ಗಾಳಿಯು ಮರಗಳನ್ನು ಉರುಳಿಸಿತು, ಸಮುದ್ರವು ದ್ವೀಪದ ಮೇಲೆಯೇ ಹಾಯ್ದು ಮನುಷ್ಯರನ್ನು ಒಯ್ದಿತು. ಮಲಬಾರಿನ ಅಧಿಕಾರಿಯಾಗಿದ್ದ ವಿಲಿಯಂ ರಾಬಿನ್‌ಸನ್ ಎಂಬಾತನು ಆ ಬಳಿಕ ದ್ವೀಪಗಳಿಗೆ ಹೋಗಿ ಬರೆದ ವರದಿಯಲ್ಲಿ ಕಲ್ಪೇನಿಯ ಲೆಕ್ಕವಿದೆ. ತುಫಾನಿಗೆ ಮುಂಚೆ ಅಲ್ಲಿದ್ದವರು 1,642 ಮಂದಿ. ಆ ರಾತ್ರಿ ಮುಳುಗಿಯೂ ಕೊಚ್ಚಿಹೋಗಿಯೂ ಸತ್ತವರು 246. ಮುಂದಿನ ಐದು ತಿಂಗಳುಗಳಲ್ಲಿ ಹಸಿವಿನಿಂದಲೂ ಕೆಟ್ಟ ಆಹಾರದಿಂದಾದ ಬೇನೆಯಿಂದಲೂ ಸತ್ತವರು 112. ಕರಾವಳಿಗೆ ಹೊರಟುಹೋದವರು 376. ಉಳಿದವರು 908.

ಈ ನಾಲ್ಕು ಅಂಕೆಗಳಲ್ಲಿ ಎರಡನೆಯದರ ಮೇಲೆ ವಾಚಕರು ಕೊಂಚ ಹೊತ್ತು ನಿಲ್ಲಬೇಕು. ಮೊದಲಿನ 246 ಮಂದಿಯನ್ನು ಕೊಂದುದು ಗಾಳಿ ಮತ್ತು ನೀರು; ಅಂದಿನ ಯಾವ ದೊರೆಯೂ ಅವರನ್ನು ಉಳಿಸಬಹುದಾಗಿತ್ತೆಂದು ಹೇಳುವಂತಿಲ್ಲ. ಆದರೆ ಆ 112 ಮಂದಿ ತುಫಾನನ್ನು ದಾಟಿ ಬದುಕಿದವರು. ಐದು ತಿಂಗಳೆಂದರೆ ಏಪ್ರಿಲಿನ ನಡುವಿನಿಂದ ಸೆಪ್ಟೆಂಬರಿನ ನಡುವಿನ ವರೆಗೆ, ಬಹುಭಾಗ ಮಳೆಗಾಲವೇ. ಬಿದ್ದ ತೆಂಗಿನಕಾಯಿಗಳು ಕೆಲವು ವಾರ ಹೊಟ್ಟೆ ಹೊರೆದಿರಬಹುದು. ಬಾವಿಗೆ ಉಪ್ಪುನೀರು ಹೊಕ್ಕರೆ ಮಳೆ ಬಂದು ತೊಳೆಯುವ ತನಕ ಅದು ಕುಡಿಯುವುದಕ್ಕೆ ಬಾರದು. ಮರ ಬಿದ್ದ ಮೇಲೆ ಹುರಿಯಿಲ್ಲ, ಹುರಿಯಿಲ್ಲದ ಮೇಲೆ ಬದಲಿಗೆ ಅಕ್ಕಿಯನ್ನು ಕೇಳುವ ಹಕ್ಕೂ ಇಲ್ಲ. ಹೊಸ ಸಸಿಯನ್ನು ನೆಟ್ಟರೂ ಫಲಕ್ಕೆ ಆರೇಳು ವರ್ಷ ಕಾಯಬೇಕು. ತುಫಾನಿನ ರಾತ್ರಿಗೂ ಕಡಲು ಮುಚ್ಚುವ ದಿನಕ್ಕೂ ನಡುವೆ ಇದ್ದುದು ಸುಮಾರು ಆರು ವಾರಗಳ ಅವಧಿ. ಆ ಆರು ವಾರಗಳಲ್ಲಿ ಸಾಕಷ್ಟು ಅಕ್ಕಿ ದ್ವೀಪವನ್ನು ಮುಟ್ಟಿದ್ದರೆ ಈ ಎರಡನೆಯ ಅಂಕೆಯು ಇಷ್ಟು ದೊಡ್ಡದಾಗುತ್ತಿರಲಿಲ್ಲ. ಸತ್ತ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬನು ಗಾಳಿಯಿಂದಲ್ಲ, ತಡವಾದ ನೆರವಿನಿಂದ ಸತ್ತನೆಂದೇ ಹೇಳಬೇಕಾಗುತ್ತದೆ.

ನೆರವಿನ ಹೊಣೆ ಯಾರದು? ನ್ಯಾಯವಾಗಿ ಅರಕ್ಕಲ್‌ನವರದು, ಹುರಿಯ ಲಾಭವನ್ನು ಉಣ್ಣುತ್ತಿದ್ದವರು ಅವರೇ. ಆದರೆ ಅರಕ್ಕಲ್‌ನಿಂದ ಕಪ್ಪವನ್ನು ಕೊಳ್ಳುತ್ತಿದ್ದುದು ಕಂಪೆನಿ. ಬರತಕ್ಕ ಹಣದ ವಿಷಯದಲ್ಲಿ ಮೇಲಿನ ಒಡೆಯನೆನಿಸಿಕೊಂಡವನು ಕೊಡತಕ್ಕ ಅನ್ನದ ವಿಷಯದಲ್ಲಿ ಬರಿಯ ನೆರೆಯವನಾಗಿ ನಿಂತನು. ಕಣ್ಣಾನೂರಿನ ರಾಜನು ದ್ವೀಪಗಳ ಕಷ್ಟವನ್ನು ನೋಡಲು ಹೊರಟಾಗ ರಾಬಿನ್‌ಸನನು ಅವನೊಡನೆ ಹೋದನೆಂದೂ, ಆಂಡ್ರೋತ್‌ನಲ್ಲಿ ಜನರ ಬೇಡಿಕೆಗಳನ್ನು ಪೂರೈಸುವುದು ರಾಜನ ಕೈಮೀರಿದಾಗ ಕಂಪೆನಿಯ ಪರವಾಗಿ ನೆರವನ್ನು ಮುಂದೆಮಾಡಿದನೆಂದೂ ದ್ವೀಪಗಳ ಇತಿಹಾಸವು ಹೇಳುತ್ತದೆ. (ಕೆಲವು ಬರಹಗಳಲ್ಲಿ ಈತನನ್ನು ಚಿರಕ್ಕಲ್‌ನ ರಾಜನೆಂದಿರುವುದು ತಪ್ಪು, ಆ ಕಾಲಕ್ಕೆ ದ್ವೀಪಗಳು ಅರಕ್ಕಲ್‌ನವು.) ಆ ನೆರವಾದರೋ ದಾನವಾಗಿರಲಿಲ್ಲ, ಬಡ್ಡಿಯುಳ್ಳ ಸಾಲವಾಗಿತ್ತು.

ಸಾಲದ ಲೆಕ್ಕವು ದ್ವೀಪಕ್ಕಿಂತ ಬೇಗ ಬೆಳೆಯಿತು. ನೆಟ್ಟ ತೆಂಗು ಇನ್ನೂ ಹೊಂಬಾಳೆಯನ್ನು ಕಾಣದಿರುವಾಗಲೇ ಬಡ್ಡಿಯು ಏರಿ, ಕಂಪೆನಿಯು ತನ್ನ ಹಣವನ್ನು ಕೇಳಿತು. ಅರಕ್ಕಲ್ ಕೊಡಲಾರದೆ ಹೋಯಿತು. 1854ರಲ್ಲಿ ದ್ವೀಪಗಳು ಜಪ್ತಿಯಾಗಿ ಕಂಪೆನಿಯ ಆಡಳಿತಕ್ಕೆ ಬಂದುವು. 1861ರಲ್ಲಿ ಅವನ್ನು ಮರಳಿಸಲಾಯಿತಾದರೂ ಮತ್ತೆ ಬಾಕಿ ಬೆಳೆದು 1875ರಲ್ಲಿ ಎರಡನೆಯ ಬಾರಿ ಜಪ್ತಿಯಾಯಿತು. ಕೊನೆಗೆ 1908ರ ಒಪ್ಪಂದದಂತೆ ಅರಕ್ಕಲ್ ಮನೆತನವು ವರ್ಷಕ್ಕೆ 23,000 ರೂಪಾಯಿಗಳ ಮಾಲಿಖಾನೆಗಾಗಿ ತನ್ನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿತು. ಹಸಿದವರಿಗೆಂದು ಕೊಟ್ಟ ಅಕ್ಕಿಯ ಬೆಲೆಯಲ್ಲಿ ದ್ವೀಪಸಮೂಹವೇ ಕೈ ಬದಲಾಯಿತು. ಈ ಕೊಡುಕೊಳ್ಳುವಿಕೆಯ ಯಾವ ಹಂತದಲ್ಲಿಯೂ ಆ 908 ಮಂದಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಮಂಗಳೂರಿನಲ್ಲಿ ಈ ಸುದ್ದಿಯನ್ನು ಅಚ್ಚುಮಾಡಲು ಅಂದು ಕನ್ನಡ ಪತ್ರಿಕೆಯಿರಲಿಲ್ಲ. ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ತೊಡಗಿಸಿದ ಮಂಗಳೂರ ಸಮಾಚಾರವು ಹೆಸರು ಬದಲಾಯಿಸಿ ಬಳ್ಳಾರಿಗೆ ಹೋಗಿ 1844ರಲ್ಲಿಯೇ ನಿಂತಿತ್ತು. ಬದುಕಿದವರ ನೋವು ಒಬ್ಬ ಅಧಿಕಾರಿಯ ವರದಿಯಲ್ಲಿ ಅಂಕೆಗಳಾಗಿ ಮಾತ್ರ ಉಳಿದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ವರದಿ ಬರೆದಾತನು 1875ರಲ್ಲಿ, ಅಂದರೆ ದ್ವೀಪಗಳು ಎರಡನೆಯ ಬಾರಿ ಜಪ್ತಿಯಾದ ವರ್ಷವೇ, ಕೆಲಕಾಲ ಮದರಾಸಿನ ಹಂಗಾಮಿ ಗವರ್ನರನಾಗಿದ್ದನು.

1956ರ ನವೆಂಬರ್ 1ರಂದು ಅಮಿನಿದೀವಿಗಳು ದಕ್ಷಿಣ ಕನ್ನಡದಿಂದಲೂ ಉಳಿದವು ಮಲಬಾರಿನಿಂದಲೂ ಬಿಡಿಸಲ್ಪಟ್ಟು ಒಂದೇ ಕೇಂದ್ರಾಡಳಿತ ಪ್ರದೇಶವಾದುವು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು. 2017ರ ಡಿಸೆಂಬರಿನಲ್ಲಿ ಓಖಿ ಎಂಬ ಚಂಡಮಾರುತವು ಮಿನಿಕಾಯಿಯನ್ನೂ ಕಲ್ಪೇನಿಯನ್ನೂ ಮತ್ತೆ ಬಡಿಯಿತು. ಕಲ್ಪೇನಿಯ ಮೂಡಣ ಮತ್ತು ಆಗ್ನೇಯ ದಡಗಳ ಉದ್ದಕ್ಕೆ ಹವಳದ ಬಂಡೆಗಳ ಒಂದು ಒಡ್ಡು ಇದೆ. ಯಾರೂ ಕಟ್ಟಿದುದಲ್ಲ, 1847ರ ಆ ರಾತ್ರಿ ಸಮುದ್ರವು ತಳದಿಂದ ಕಿತ್ತು ಮೇಲೆಸೆದ ಕಲ್ಲುಗಳು ಅದರಲ್ಲಿ ಇಂದಿಗೂ ಬಿದ್ದಿವೆ.